ಹೋಗಿ ಬರುತ್ತೇನೆ

ಜಪಾನೀಯರ ಸಂಸ್ಕೃತಿಯನ್ನು ಪರಿಚಯಿಸಲೆಂದು ಬೆಂಗಳೂರಿನಲ್ಲಿ ಜಪಾನ್ ಹಬ್ಬ ನಡೆಯುತ್ತದೆ. ಕಿಮೋನೊ ಉಟ್ಟವರನ್ನು ನೋಡಿ, ಕಾಗದದ ಕೊಕ್ಕರೆಯನ್ನು ಮಡಿಚಿ, ಜನ ಸಂತೋಷದಿಂದ ಮರಳುತ್ತಾರೆ. ಅದು ಬೇಡವೆಂದು ನಾನು ಹೇಳಲಾರೆ. ಆದರೆ ಒಂದು ಜನಾಂಗದ ಸಂಸ್ಕಾರವು ಉತ್ಸವಕ್ಕಿಂತಲೂ ಹೊಸ್ತಿಲಿನಲ್ಲಿ, ಬಚ್ಚಲಿನಲ್ಲಿ, ಊಟದ ಬಟ್ಟಲಿನ ಅಂಚಿನಲ್ಲಿ ನಿಚ್ಚಳವಾಗಿ ಕಾಣುತ್ತದೆಂಬುದನ್ನು, ಅದೇ ಊರಿನ ಕಮ್ಮನಹಳ್ಳಿಯ ಮಹಡಿಯ ಕೋಣೆಯೊಂದರಲ್ಲಿ ಜಪಾನಿನ ತರುಣನೊಬ್ಬನೊಡನೆ ಬಾಡಿಗೆ ಹಂಚಿಕೊಂಡು ಬಾಳಿದ ಎರಡು ವರ್ಷಗಳಲ್ಲಿ ಕಂಡುಕೊಂಡೆನು.

ಅವನು ಬಂದ ಮರುದಿನ ಬೆಳಗ್ಗೆ, ಕೆಲಸಕ್ಕೆ ಹೊರಟವನು ಬಾಗಿಲಲ್ಲಿ ನಿಂತು, ಗೋಡೆಗೆ ಹೇಳುವಂತೆ ಮೆಲ್ಲನೆ 'ಇತ್ತೆ ಕಿಮಾಸು' ಎಂದನು. ಅರ್ಥವೇನೆಂದು ಕೇಳಲು, 'ಇತ್ತೆ' ಎಂದರೆ ಹೋಗಿ, 'ಕಿಮಾಸು' ಎಂದರೆ ಬರುತ್ತೇನೆ ಎಂದು ಬಿಡಿಸಿ ಹೇಳಿದನು. ಬಾಯಿತಪ್ಪಿ 'ಹೋಗ್ತೀನಿ' ಎಂದರೆ 'ಬರ್ತೀನಿ ಅನ್ನೋ' ಎಂದು ಗದರುತ್ತಿದ್ದ ನನ್ನಜ್ಜಿ ಆ ಕ್ಷಣ ಕಣ್ಮುಂದೆ ನಿಂತಳು. ಮನೆಯಲ್ಲಿ ಉಳಿದವರು ಕೊಡುವ 'ಇತ್ತೆರಾಶ್ಶಾಯ್' ಎಂಬ ಉತ್ತರವೂ ನಮ್ಮ 'ಹೋಗಿ ಬಾ' ಎಂಬುದೇ. ಅಂದಿನಿಂದ ಅವನು ಕನ್ನಡದಲ್ಲಿ ಹೊರಡುವನು, ನಾನು ಅವನ ಭಾಷೆಯಲ್ಲಿ ಕಳುಹಿಸುವೆನು.

ಕನ್ನಡ ಕಲಿಯಲೆಂದು ಅವನು ವರ್ಣಮಾಲೆಯ ಪಟವೊಂದನ್ನು ತಂದು ಗೋಡೆಗೆ ಅಂಟಿಸಿದನು. ಒಂದು ಸಂಜೆ ಅದರ ಮೇಲೆ ಬೆರಳಾಡಿಸಿ ಅ, ಇ, ಉ, ಎ, ಒ ಎಂದು ಓದಿದವನು, ತಮ್ಮ ಸ್ವರಗಳೂ ಇದೇ ಕ್ರಮದವೆಂದು ಬೆರಗಾದನು. ವ್ಯಂಜನಗಳೂ ಅವರಲ್ಲಿ ಕ, ಸ, ತ, ನ, ಹ, ಮ, ಯ, ರ, ವ ಎಂದೇ ಸಾಗುತ್ತವೆ. ಅವರ ಹಕಾರವು ಪೂರ್ವದಲ್ಲಿ ಪಕಾರವಾಗಿತ್ತೆಂದು ತಿಳಿದರೆ ಸಾದೃಶ್ಯ ಇನ್ನೂ ಸ್ಫುಟವಾಗುತ್ತದೆ. ಬೌದ್ಧಮಂತ್ರಗಳೊಡನೆ ಸಿದ್ಧಂ ಲಿಪಿಯ ವ್ಯಾಸಂಗವು ಚೀನದ ಮಾರ್ಗವಾಗಿ ಅಲ್ಲಿಗೆ ತಲಪಿದುದರ ಫಲವಿದು. 736ರಲ್ಲಿ ಜಪಾನಿಗೆ ಹೋಗಿ, 752ರಲ್ಲಿ ನಾರಾ ನಗರದ ಮಹಾಬುದ್ಧನಿಗೆ ನೇತ್ರೋನ್ಮೀಲನ ಮಾಡಿದವನು ಬೋಧಿಸೇನನೆಂಬ ಭಾರತೀಯ ಭಿಕ್ಷು. ಪದವೀಧರನಾದ ನನಗೆ ಅವನ ಹೆಸರು ತಿಳಿಯಲು ಈ ಪಟ ಗೋಡೆಗೇರಬೇಕಾಯಿತು!

ಎಲ್ಲವೂ ಹೊಂದಿತೆಂದಲ್ಲ. ಸ್ನಾನವಿಲ್ಲದೆ ಹಾಸಿಗೆಗೆ ಹೋಗುವ ನಾನು ಅವನ ಕಣ್ಣಿಗೆ ಕೊಳಕ. ಸ್ನಾನವಿಲ್ಲದೆ ತಿಂಡಿಗೆ ಕೂರುವ ಅವನು ನನ್ನ ಕಣ್ಣಿಗೆ. ಒಮ್ಮೆ ನಾನು ಉಣ್ಣುವ ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿ ಫೋನಿಗೆಂದು ಎದ್ದೆನು. ಮರಳುವಷ್ಟರಲ್ಲಿ ಅವನು ಅವನ್ನು ತೆಗೆದು ಬಟ್ಟಲಿನ ಪಕ್ಕದಲ್ಲಿ ಅಡ್ಡಲಾಗಿ ಇಟ್ಟಿದ್ದನು. ಹಾಗೆ ಚುಚ್ಚುವುದು ಸತ್ತವರಿಗಿಡುವ ಎಡೆಗೆ ಮಾತ್ರವೆಂಬುದನ್ನು ಅವನು ಬಾಯಿಬಿಟ್ಟು ಹೇಳಿದ್ದು ವಾರದ ನಂತರ, ಅದೂ ನಾನೇ ಕೇಳಿದಾಗ.

ಇಂಥ ಪಾಠಗಳಿಗೆ ಒಂದೇ ಸೂರು ಬೇಕು. ನಮ್ಮ ನಗರವಾದರೋ ಸೂರು ಕೊಡುವ ಮೊದಲು ಜಾತಿ, ಊರು, ಅಡಿಗೆಗಳನ್ನು ವಿಚಾರಿಸುತ್ತದೆ. ಹಾಸ್ಟೆಲುಗಳಲ್ಲಿ ಸಹ, ಜಗಳವಾಗದಿರಲೆಂಬ ಸದುದ್ದೇಶದಿಂದ, ಒಂದೇ ಊರಿನವರನ್ನು ಒಂದೇ ಕೋಣೆಗೆ ಹಾಕುವ ರೂಢಿಯುಂಟು. ಕೊಂಚ ಜಗಳವಾದರೂ ಚಿಂತೆಯಿಲ್ಲ, ಬೆರೆಸಿ ಹಾಕಬೇಕೆಂಬುದು ನನ್ನ ಅಭಿಪ್ರಾಯ.

ಮೀನಿನ ವಾಸನೆ ಬರಕೂಡದೆಂಬ ಷರತ್ತಿನ ಮೇಲೆ ನಮಗೆ ಕೋಣೆ ಕೊಟ್ಟ ಕೆಳಮನೆಯ ಅಮ್ಮನವರು, ದಿನವೂ ನನ್ನ ಕೂಗನ್ನು ಕೇಳಿ ಕೇಳಿ, ಆರು ತಿಂಗಳೊಳಗೆ ತಾವೂ ಗೇಟಿನ ಬಳಿ ನಿಂತು 'ಇತ್ತ ರಾಶಿ ಶಾಯಿ' ಎನ್ನತೊಡಗಿದರು. ಅವನು ತಿದ್ದಲಿಲ್ಲ, ಪ್ರತಿಸಲವೂ ನಿಂತು, ಬಾಗಿ ವಂದಿಸಿ, 'ಬರ್ತೀನಿ ಅಮ್ಮ' ಎಂದೇ ಹೋಗುತ್ತಿದ್ದನು.