ಆಣೆ ಹಾಕಿಸಬೇಡಿ, ಆಸ್ಪತ್ರೆ ಕೇಳಿ



ಕೇರಿಯವರನ್ನ 'ಕುಡುಕರು' ಅಂತ ಜರಿಯೋದು ಸುಲಭ. 2007ರಲ್ಲಿ ಸಾರಾಯಿ ನಿಷೇಧ ಆಯ್ತು, ಅದರ ಜಾಗಕ್ಕೆ ಅಗ್ಗದ ವಿಸ್ಕಿ ಪ್ಯಾಕೆಟ್ ಬಂತು. ಅಬಕಾರಿ ದುಡ್ಡು ಖಜಾನೆಗೆ, ಕಾಯಿಲೆ ನಮ್ಮ ಮನೆಗೆ.

ಹೌದು, ಕಾಯಿಲೆನೇ. ನಿಮ್ಹಾನ್ಸ್‌ನವರು 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ಈ ಕಾಯಿಲೆ ಇರೋ 100 ಜನರಲ್ಲಿ ಸುಮಾರು 86 ಮಂದಿಗೆ ಚಿಕಿತ್ಸೆಯೇ ಇಲ್ಲ. ವರ್ಷಗಟ್ಟಲೆ ದಿನಾ ಕುಡಿದೋರಿಗೆ ದೇವರ ಮುಂದೆ ಆಣೆ ಹಾಕಿಸಿ ಒಂದೇ ಸಲ ಬಿಡಿಸಿದ್ರೆ ಕೈ ನಡುಗಿ, ಫಿಟ್ಸ್ ಬಂದು ಜೀವವೇ ಹೋಗಬಹುದು. ಡಾಕ್ಟರ್ ನೋಡಿ ಮಾತ್ರೆ ಕೊಟ್ರೆ ಅದನ್ನ ತಡೀಬಹುದು. ಆದ್ರೆ ಕಬ್ಬು ಕಡಿಯೋನು ಕೂಲಿ ಬಿಟ್ಟು ಎಷ್ಟು ಸಲ ಬೆಂಗಳೂರಿಗೆ ಹೋಗ್ತಾನೆ?

ಮದ್ದೂರು, ಮಳವಳ್ಳಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇದಕ್ಕಂತ ಬೆಡ್ಡು, ಮಾತ್ರೆ ಬೇಕು. ಮಂಡ್ಯದಲ್ಲಿ ಡಿಸಿ ನಡೆಸೋ ಕುಂದುಕೊರತೆ ಸಭೆಯಲ್ಲಿ ಇದನ್ನೇ ಮೊದಲು ಕೇಳೋಣ. ಅಲ್ಲಿವರೆಗೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.