ರಾತ್ರಿ ಹತ್ತರ ನಂತರದ ಕಡಲು

ಪರೀಕ್ಷೆ ಮುಗಿದು ರಜೆ ಬಂತೆಂದರೆ ಮಕ್ಕಳಿಗೆ ಕಡಲಿನ ನೆನಪು. ‘ರಾತ್ರಿ ಅಲ್ಲೇ ಉಳಿಯುತ್ತೇವೆ’ ಎಂದಾಗ ಹೆತ್ತವರು ಕೇಳುವುದು ಖರ್ಚೆಷ್ಟು, ಜೊತೆಗೆ ಯಾರು ಎಂದು. ಆ ಊರಿನವರು ಎಷ್ಟು ಹೊತ್ತಿಗೆ ಮಲಗುತ್ತಾರೆ ಎಂದು ಕೇಳುವವರು ಕಡಿಮೆ.

ಕೋಟೇಶ್ವರದ ಪಕ್ಕದ ಬೀಜಾಡಿಯನ್ನೇ ನೋಡಿ. ಪ್ರವಾಸಿಗೆ ಅದು ಬೀಚು, ಅಲ್ಲಿಯವರಿಗೆ ಮನೆಯಂಗಳ. ನಸುಕಿನಲ್ಲೇ ಮೀನಿಗೆ ಹೊರಡುವವರ ಮನೆ ಪಕ್ಕ ನಡುರಾತ್ರಿಯವರೆಗೆ ಹಾಡು ಗುಡುಗಿದರೆ ನಿದ್ದೆಯೂ ಹೋಯಿತು, ಮರುದಿನದ ದುಡಿಮೆಯೂ ಕೆಟ್ಟಿತು.

2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ವಸತಿ ಪ್ರದೇಶಕ್ಕೆ ರಾತ್ರಿಯ ಮಿತಿ 45 ಡೆಸಿಬೆಲ್. ‘ಬೆಳಗಿನ ತನಕ ಆಟ ಆಗುತ್ತಿರಲಿಲ್ಲವೇ?’ ಎನ್ನಬಹುದು. ಆದರೆ ಈ ನಿಯಮದಿಂದಾಗಿಯೇ 2022ರಲ್ಲಿ ಕಟೀಲು ಮೇಳವೂ ಕಾಲಮಿತಿಗೆ ಒಗ್ಗಿಕೊಂಡಿತು. ಮೇಳವೇ ತಲೆಬಾಗಿದ ಮೇಲೆ ನಮ್ಮ ಪಾರ್ಟಿಗೆ ಯಾವ ವಿನಾಯಿತಿ?

ಬೆಳಕಿನದು ಇನ್ನೊಂದು ಕಥೆ. ಹತ್ತಿರದ ಕೋಡಿ ಕಡಲತೀರಕ್ಕೆ ಆಲಿವ್ ರಿಡ್ಲಿ ಆಮೆಗಳು ರಾತ್ರಿ ಬಂದು ಮೊಟ್ಟೆ ಇಡುತ್ತವೆ. ಹೊರಬಂದ ಮರಿಗಳು ಬೆಳಕಿರುವ ಕಡೆಗೆ ಸಾಗುತ್ತವೆ. ಕತ್ತಲಲ್ಲಿ ಹೊಳೆಯುವ ಕಡಲೇ ಅವಕ್ಕೆ ದಾರಿದೀಪ. ದಡದಲ್ಲಿ ಫ್ಲಡ್‌ಲೈಟ್ ಉರಿದರೆ ಮರಿಗಳು ನೀರು ಬಿಟ್ಟು ರಸ್ತೆಯತ್ತ ಹೊರಡುತ್ತವೆ.

ಮಕ್ಕಳೇ, ಹೋಗಬೇಡಿ ಎನ್ನುತ್ತಿಲ್ಲ. ಹತ್ತಕ್ಕೆ ಹಾಡು ನಿಲ್ಲಿಸಿ, ದೀಪ ಆರಿಸಿ, ಬಾಟಲಿ, ಪ್ಲಾಸ್ಟಿಕ್ಕು ಹೆಕ್ಕಿ ತನ್ನಿ. ಕತ್ತಲಲ್ಲಿ ನೀರಿಗೆ ಇಳಿಯಬೇಡಿ. ಅಪಾಯವೆನಿಸಿದರೆ 112ಕ್ಕೆ ಕರೆ ಮಾಡಿ. ಹೆತ್ತವರೇ, ಬೇಡ ಎಂದು ಗದರುವ ಬದಲು ಇಷ್ಟನ್ನು ಹೇಳಿ ಕಳಿಸಿ. ಸದ್ದಡಗಿದ ಮೇಲೆ ಅಲೆಯ ಸದ್ದು ಕೇಳಿಸುತ್ತದೆ. ಹೋದದ್ದು ಅದಕ್ಕೇ ಅಲ್ಲವೇ?