ಗೆರೆ ನಕ್ಷೆಯಲ್ಲಿರಲಿ, ಬಸ್ಸು ರಸ್ತೆಯಲ್ಲಿರಲಿ

ಇವತ್ತು ಒಂದು ಚಿತ್ರದ ಸುದ್ದಿ. ಸಂಜೆ ಪೇಪರಿನವರಿಗೆ ಚಿತ್ರಕಲೆ ಯಾಕ್ರೀ ಅನ್ನಬೇಡಿ. ಗಡಿಯಲ್ಲಿರುವ ನಮ್ಮ ಬೆಳಗಾವಿ ಜಿಲ್ಲೆಯವರು ನೋಡಲೇಬೇಕಾದ ಚಿತ್ರವಿದು.

ಜರೀನಾ ಹಾಶ್ಮಿ ಎಂಬ ಕಲಾವಿದೆ 1937ರಲ್ಲಿ ಅಲಿಗಢದಲ್ಲಿ ಹುಟ್ಟಿದವರು. ಓದಿದ್ದು ಗಣಿತ, ಹಿಡಿದದ್ದು ಉಳಿ. ದೇಶ ಎರಡಾದಾಗ ಹತ್ತು ವರ್ಷದ ಹುಡುಗಿ. ಮುಂದೆ ಮನೆಯವರು ಕರಾಚಿ ಸೇರಿದರು. ಈಕೆ ಊರೂರು ಸುತ್ತಿ ಬಹುಕಾಲ ನ್ಯೂಯಾರ್ಕಿನಲ್ಲಿದ್ದು, 2020ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ದೇಶಗಳ, ಊರುಗಳ ನಕ್ಷೆಯನ್ನು ಮರದಲ್ಲಿ ಕೆತ್ತಿ ಕಾಗದಕ್ಕೆ ಒತ್ತುವುದು ಅವರ ಕಸುಬಿನ ದೊಡ್ಡ ಭಾಗ.

2001ರಲ್ಲಿ ಅವರು ಮಾಡಿದ ಅಚ್ಚು 'ಡಿವೈಡಿಂಗ್ ಲೈನ್'. ಭಾರತ-ಪಾಕಿಸ್ತಾನದ ಗಡಿ. ಊರಿನ ಹೆಸರಿಲ್ಲ, ಹೊಳೆಯಿಲ್ಲ, ಗುಡ್ಡವಿಲ್ಲ. ಸೊಟ್ಟಗೆ ಇಳಿದ ಒಂದು ಕಪ್ಪು ಗೆರೆ, ಅಷ್ಟೆ.

ಇದೇನು ಮಹಾ, ಪೆನ್ಸಿಲ್ಲಿದ್ದರೆ ನಿಮಿಷದ ಕೆಲಸ ಅಂದೀರಿ. ಪೆನ್ಸಿಲ್ಲಿನವರ ಕಥೆಯೂ ಗೊತ್ತಲ್ಲ? 1947ರಲ್ಲಿ ಗಡಿ ಎಳೆದ ರ‍್ಯಾಡ್‌ಕ್ಲಿಫ್ ಸಾಹೇಬರು ಅದಕ್ಕೆ ಮುಂಚೆ ಭಾರತಕ್ಕೆ ಕಾಲಿಟ್ಟವರಲ್ಲ. ಸಿಕ್ಕಿದ್ದು ಸುಮಾರು ಐದು ವಾರ. ಎಳೆದರು, ಹೋದರು.

ಮರದಚ್ಚಿನಲ್ಲಿ ಹಾಗೆ ಆಗೂದಿಲ್ಲ. ಎದ್ದು ನಿಂತ ಭಾಗಕ್ಕೆ ಮಾತ್ರ ಮಸಿ ಹತ್ತುತ್ತದೆ. ಒಂದು ಗೆರೆ ಉಳಿಯಬೇಕಾದರೆ ಅದರ ಎರಡೂ ಬದಿಯನ್ನು ಉಳಿಯಿಂದ ಕೆರೆದು ತೆಗೆಯಬೇಕು. ಗೆರೆ ನಿಂತಿತು, ನೆಲ ಹೋಯಿತು. ಜರೀನಾ ಭಾಷಣ ಬಿಗಿಯದೆ ಹೇಳಿದ ಮಾತು ಇದು.

1947ರ ರಕ್ತಪಾತಕ್ಕೂ ನಮ್ಮ ಗಡಿ ಜಗಳಕ್ಕೂ ಹೋಲಿಕೆಯಿಲ್ಲ, ಒಪ್ಪಿದೆ. ಆದರೂ ಗೆರೆಯ ಪೆಟ್ಟು ನಮಗೆ ಹೊಸದಲ್ಲ. 1956ರ ನವೆಂಬರ್ 1ರಂದು ಬೆಳಗಾವಿ ಈ ಕಡೆ ಬಂತು, ಚಂದಗಡ ಆ ಕಡೆ ಉಳಿಯಿತು. ಚಂದಗಡದ ಮಂದಿಗೆ ಇವತ್ತಿಗೂ ಬೆಳಗಾವಿ ಪೇಟೆಯೇ ಹತ್ತಿರ. 1967ರಲ್ಲಿ ಮಹಾಜನ ವರದಿ ಬಂತು. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. ಬೆಳಗಾವಿ ನಮ್ಮದು, ಅದರಲ್ಲಿ ಎರಡು ಮಾತಿಲ್ಲ. ವಾದ ವಕೀಲರು ಮಾಡಲಿ.

ಬಸ್ಸೇನು ಪಾಪ ಮಾಡಿತ್ತು? 2022ರ ಡಿಸೆಂಬರಿನಲ್ಲಿ ಲಾರಿಗೆ ಕಲ್ಲು, ಬಸ್ಸಿಗೆ ಮಸಿ. ಸಂಚಾರ ಬಂದ್. 2025ರ ಫೆಬ್ರುವರಿಯಲ್ಲಿ ಕಂಡಕ್ಟರ್ ಒಬ್ಬರಿಗೆ ಹೊಡೆತ, ಮತ್ತೆ ಬಸ್ ಬಂದ್. ಘೋಷಣೆ ಕೂಗಿದವರು ಕಾರು ಹತ್ತಿ ಮನೆಗೆ ಹೋಗುತ್ತಾರೆ. ಸ್ಟ್ಯಾಂಡಿನಲ್ಲಿ ಉಳಿಯುವವರು ಯಾರು? ಕಾಯಿಪಲ್ಲೆ ಬುಟ್ಟಿ ಹೊತ್ತ ಹೆಂಗಸು, ದವಾಖಾನೆಗೆ ಹೊರಟ ಮುದುಕ, ಕಾಲೇಜಿನ ಹುಡುಗ. ಇತ್ತ ಗಿರಾಕಿ ಬಾರದೆ ಗಲ್ಲೆಯ ಮುಂದೆ ನೊಣ ಹೊಡೆಯುವ ಅಂಗಡಿಕಾರ. ಇವರಲ್ಲಿ ಕನ್ನಡದವರೂ ಉಂಟು, ಮರಾಠಿಯವರೂ ಉಂಟು. ಉಳಿ ಎರಡೂ ಬದಿ ಕೆರೆಯುತ್ತದೆ ಅಂದದ್ದು ಇದಕ್ಕೇ.

ನಮ್ಮ ಕಂಡಕ್ಟರಿಗೆ ಹೊಡೆದರೆ ಸುಮ್ಮನಿರಬೇಕೇನ್ರೀ? ಯಾಕೆ ಸುಮ್ಮನಿರಬೇಕು? ಹೊಡೆದವನನ್ನು ಹಿಡಿದು ಒಳಗೆ ಹಾಕಿ, ಅವನು ಯಾವ ಭಾಷೆಯವನೇ ಆಗಲಿ. ಆದರೆ ಬಸ್ ನಿಲ್ಲಿಸಿದರೆ ಶಿಕ್ಷೆ ಆಗುವುದು ಅವನಿಗಲ್ಲ, ಟಿಕೆಟ್ ತೆಗೆದವರಿಗೆ.

ಬೆಳಗಾವಿ, ಕೊಲ್ಲಾಪುರದ ಜಿಲ್ಲಾಧಿಕಾರಿಗಳು ಗಲಾಟೆ ಎದ್ದ ಮೇಲೆ ಪತ್ರ ಬರೆಯುವುದು ಬೇಡ. ಈಗಲೇ ಕೂತು ಮಾತಾಡಲಿ: ಪೊಲೀಸ್ ಕಾವಲಿನಲ್ಲಾದರೂ ಸರಿ, ಬಸ್ಸು ಓಡಬೇಕು. ಅದೂ ಆಗದಿದ್ದರೆ ಗಡಿಯ ತನಕ ನಮ್ಮ ಬಸ್ಸು, ಅಲ್ಲಿಂದ ಅವರ ಬಸ್ಸು. ಮಂದಿ ನಾಲ್ಕು ಹೆಜ್ಜೆ ನಡೆದಾರು, ದಾರಿಯಲ್ಲೇ ಕೂಡುವುದು ತಪ್ಪುತ್ತದೆ.